ಕಲ್ಲಿಗೊಂದು ವಿಳಾಸ: ಕಮಲಾಪುರದ ವಸ್ತುಸಂಗ್ರಹಾಲಯ ಮತ್ತು ನಾವು

(ಕಂಪ್ಲಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ಉಪನ್ಯಾಸಕ್ಕೆ ನನ್ನನ್ನು ಕರೆದಾಗ ಸಂಘಟಕರ ಮನಸ್ಸಿನಲ್ಲಿದ್ದದ್ದು ಇಲ್ಲಿಯ ದೊರೆ ಕಂಪಿಲರಾಯನ ಮಗ ಕುಮಾರರಾಮ. ಕಂಪ್ಲಿಗೆ ಬಂದು ಅವನ ಬಗ್ಗೆ ಮಾತಾಡದೆ ಹೋದರೆ ಜನ ಬಿಡುತ್ತಾರೆಯೇ ಎಂದರು. ಕುಮಾರರಾಮನನ್ನು ನನಗಿಂತ ಚೆನ್ನಾಗಿ ಬಲ್ಲವರು ಈ ಸಭೆಯಲ್ಲೇ ಕೂತಿದ್ದೀರಿ; ಬಯಲಾಟದಲ್ಲಿ ಅವನ ಪಾತ್ರ ಕಟ್ಟಿದವರೂ ಇರಬಹುದು. ಹಾಗಾಗಿ ನಾನು ನಿಮ್ಮನ್ನು ಬೇರೊಂದು ಕಡೆಗೆ ಕರೆದೊಯ್ಯುತ್ತೇನೆ. ಹೊಸಪೇಟೆ ಬಸ್ಸು ಹತ್ತಿದರೆ ದಾರಿಯಲ್ಲೇ ಸಿಗುವ ಕಮಲಾಪುರ, ಅಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯ. ಆಸ್ಪತ್ರೆಗೆ, ಮದುವೆ ಜವಳಿಗೆ, ಕೋರ್ಟಿಗೆ ಎಂದು ಆ ರಸ್ತೆಯಲ್ಲಿ ಓಡಾಡುವ ನಾವು ಅದರ ಮುಂದೆ ಹಾದುಹೋಗುತ್ತೇವೆಯೇ ಹೊರತು ಒಳಗೆ ಹೋಗುವುದು ಕಡಿಮೆ. ಯಾಕೆಂದು ಕೇಳಿದರೆ ಸಿದ್ಧ ಉತ್ತರವಿದೆ: ‘ಅಲ್ಲೇನಿದೆ ಸಾರ್, ಒಡಕು ಕಲ್ಲು.’

ಒಡಕು ಕಲ್ಲು ಹೌದು. ಆದರೆ ಆ ಕಲ್ಲುಗಳಿಗೆ ವಿಳಾಸ ಇದೆ. ಇವತ್ತು ನಾನು ಹೇಳಬೇಕೆಂದಿರುವುದು ಇದೊಂದನ್ನೇ. ದೊಡ್ಡ ಊರಿನ ದೊಡ್ಡ ಮ್ಯೂಸಿಯಂಗಳಲ್ಲಿ ಇದಕ್ಕಿಂತ ಚೆಂದದ ಶಿಲ್ಪಗಳಿವೆ. ಕಮಲಾಪುರದ ಸಂಗ್ರಹಕ್ಕೆ ಇರುವ ಬಲ ಬೇರೆ: ಶಿಲ್ಪ ಯಾವ ನೆಲದಿಂದ ಬಂತೋ ಆ ನೆಲ ಅದರ ಬಾಗಿಲಾಚೆಯೇ ಇದೆ.

ಸ್ವಲ್ಪ ಹಿಂದಕ್ಕೆ ಹೋಗೋಣ. 1799ರಲ್ಲಿ, ಶ್ರೀರಂಗಪಟ್ಟಣ ಬಿದ್ದ ವರ್ಷವೇ, ಕಾಲಿನ್ ಮೆಕೆಂಝಿ ಹಂಪಿಗೆ ಬಂದು ಅಳತೆ ಮಾಡಿ ನಕ್ಷೆ ಬರೆಸಿದ. ಹಾಳೂರಿನ ಮೊದಲ ನಕ್ಷೆ ಅದು. ಈ ಮನುಷ್ಯ ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಸೈನ್ಯಾಧಿಕಾರಿ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಂಪಿಯ ಚಿತ್ರ ತೆಗೆದ. ವಿಠ್ಠಲ ದೇವಾಲಯದ ಕಲ್ಲಿನ ರಥದ ಚಿತ್ರವೂ ಅದರಲ್ಲಿದೆ. ಅದನ್ನು ನೋಡಿದವರು ಒಂದು ಕ್ಷಣ ಗಲಿಬಿಲಿಗೊಳ್ಳುತ್ತಾರೆ. ಇವತ್ತು ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ನಾವು ನೋಡುವ ರಥದ ತಲೆ ಬೋಳು; ಆ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆ ಗಾರೆಯ ಗೋಪುರವಿದೆ. ಗೋಪುರವನ್ನು ಆಮೇಲೆ ಇಳಿಸಲಾಯಿತು. ಗ್ರೀನ್ಲಾ ಚಿತ್ರ ತೆಗೆಯದೆ ಹೋಗಿದ್ದರೆ, ರಥ ಹುಟ್ಟಿದ್ದೇ ಹೀಗೆ ಎಂದು ನಾವೆಲ್ಲ ನಂಬುತ್ತಿದ್ದೆವು. ಜಾನ್ ಗೊಲಿಂಗ್ಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ಮತ್ತೆ ಚಿತ್ರ ತೆಗೆದ. ಎರಡನ್ನೂ ಪಕ್ಕಪಕ್ಕ ಇಟ್ಟರೆ, ನೂರಿಪ್ಪತ್ತೇಳು ವರ್ಷಗಳಲ್ಲಿ ಏನು ಬಿತ್ತು, ಏನನ್ನು ಎತ್ತಿ ನಿಲ್ಲಿಸಲಾಯಿತು ಎಂಬುದು ಯಾವ ವರದಿಯೂ ಇಲ್ಲದೆ ತಿಳಿಯುತ್ತದೆ.

ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದ ಬಿಡಿ ಶಿಲ್ಪಗಳನ್ನು ಬ್ರಿಟಿಷ್ ಅಧಿಕಾರಿಗಳು ಒಂದೆಡೆ ಸೇರಿಸತೊಡಗಿದರು. ಸೇರಿಸಿಟ್ಟದ್ದು ಎಲ್ಲಿ ಅಂತೀರಿ? ಆನೆ ಲಾಯದಲ್ಲಿ. ಹನ್ನೊಂದು ಗುಮ್ಮಟಗಳ, ಪಟ್ಟದಾನೆಗಳಿಗೆಂದು ಕಟ್ಟಿದರೆನ್ನುವ ಆ ಅಂಕಣಗಳಲ್ಲಿ ಭೈರವ, ವೀರಭದ್ರ, ನಾಗರಕಲ್ಲುಗಳು ಬಹುಕಾಲ ಬಿಡಾರ ಹೂಡಿದ್ದವು. ಲಾಂಗ್‌ಹರ್ಸ್ಟ್ ಎಂಬ ಪುರಾತತ್ವ ಅಧಿಕಾರಿ 1917ರಲ್ಲಿ ಹಂಪಿಯ ಕೈಪಿಡಿ ಬರೆದ. ಪ್ರವಾಸಿಗರು ಅದನ್ನು ಹಿಡಿದು ಓಡಾಡಿದರು. ಕಮಲಾಪುರದ ಈಗಿನ ಕಟ್ಟಡಕ್ಕೆ ಸಂಗ್ರಹ ಬಂದದ್ದು 1972ರಲ್ಲಿ. ಪುರಾವಸ್ತುಗಳ ಮಾರಾಟ, ಸಾಗಣೆಗೆ ಕಡಿವಾಣ ಹಾಕುವ ಕೇಂದ್ರದ ಕಾಯ್ದೆಯೂ ಅದೇ ವರ್ಷದ್ದು. ಸ್ಥಳದಲ್ಲಿ ಸಿಕ್ಕಿದ್ದು ಸ್ಥಳದ ಹತ್ತಿರವೇ ಇರಲಿ ಎಂಬ ನೀತಿಯನ್ನು ಇಲಾಖೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಾರನಾಥದಿಂದ ಶುರುಮಾಡಿತ್ತು. ನಮ್ಮಲ್ಲಿ ಐಹೊಳೆ, ಬಾದಾಮಿ, ಹಳೇಬೀಡುಗಳ ಸಂಗ್ರಹಾಲಯಗಳೂ ಇದೇ ಜಾತಿಯವು. ವಿಜಯಪುರದ್ದು ಇನ್ನೂ ಹಳೆಯದು. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ 1892ರಿಂದ ಇದೆ.

ಇನ್ನು ಒಳಗೆ ಹೋಗೋಣ. ಬಾಗಿಲಲ್ಲಿ ಎದುರಾಗುವವನು ಕೃಷ್ಣದೇವರಾಯ, ಎಡಬಲದಲ್ಲಿ ಇಬ್ಬರು ರಾಣಿಯರು. ತಿರುಮಲೆಯಲ್ಲಿ ಕೈಮುಗಿದು ನಿಂತಿರುವ ಲೋಹಮೂರ್ತಿಗಳ ಮಾದರಿಯಲ್ಲಿ ಮಾಡಿದ ಪ್ರತಿಕೃತಿಗಳಿವು. ನಡುವಿನ ತೆರೆದ ಅಂಗಳದಲ್ಲಿ ಹಂಪಿಯ ಮಾದರಿ: ತುಂಗಭದ್ರೆ, ಬಂಡೆಗುಡ್ಡಗಳು, ಕಣಿವೆಗಳು, ಗುಡಿಗಳು, ಕೋಟೆಯ ಸುತ್ತುಗಳು. ಸುತ್ತಲೂ ನಡೆದು ಮೇಲಿನಿಂದ ನೋಡಬಹುದು. ವಿದ್ಯಾರ್ಥಿಗಳಿಗೆ ಒಂದು ಮಾತು: ಹಂಪಿಯನ್ನು ನೋಡುವ ಮೊದಲು ಇದರ ಮುಂದೆ ಅರ್ಧ ಗಂಟೆ ನಿಲ್ಲಿ. ವಿರೂಪಾಕ್ಷ ಎಲ್ಲಿ, ಅರಮನೆ ಎಲ್ಲಿ, ನಡುವೆ ಹರಿಯುವ ತುರ್ತು ಕಾಲುವೆ ಎಲ್ಲಿ, ನದಿಯ ಆಚೆ ಆನೆಗೊಂದಿ ಎಲ್ಲಿ ಎಂಬುದು ಒಮ್ಮೆ ಕಣ್ಣಿಗೆ ಕೂತರೆ, ಬಿಸಿಲಲ್ಲಿ ಅಲೆದು ಸುಸ್ತಾಗುವುದು ಅರ್ಧಕ್ಕರ್ಧ ತಪ್ಪುತ್ತದೆ.

ಶಿಲ್ಪಗಳ ಕೋಣೆಯಲ್ಲಿ ಶೈವ ಮೂರ್ತಿಗಳದ್ದೇ ಮೇಲುಗೈ. ಭಿಕ್ಷಾಟನ, ಮಹಿಷಮರ್ದಿನಿ, ಗಣಪತಿ, ದೇವಿಯರೊಂದಿಗೆ ಕಾರ್ತಿಕೇಯ. ವಿಜಯನಗರದ ಶಿಲ್ಪಿಗೆ ಹೊಯ್ಸಳರ ಬಳಪದ ಕಲ್ಲಿನ ಮೆದುತನ ಸಿಕ್ಕಿದ್ದು ಅಪರೂಪ. ಅವನ ಪಾಲಿಗೆ ಬಂದದ್ದು ಉಳಿಗೆ ಸುಲಭವಾಗಿ ಬಗ್ಗದ ಕಣಶಿಲೆ. ಹಾಗಾಗಿ ಬೇಲೂರಿನ ಕಣ್ಣಿಟ್ಟುಕೊಂಡು ಇಲ್ಲಿಗೆ ಬಂದವರಿಗೆ ಒರಟು ಎನಿಸುತ್ತದೆ. ನನಗೆ ಹಾಗನಿಸುವುದಿಲ್ಲ. ವೀರಭದ್ರನ ನಿಲುವಿನಲ್ಲಿರುವ ಗಡಸನ್ನು ಬಳಪದ ಕಲ್ಲಿನಲ್ಲಿ ತರುವುದು ಕಷ್ಟ.

ಮಾಸ್ತಿಕಲ್ಲುಗಳ ಮುಂದೆ ಮಾತ್ರ ದಯವಿಟ್ಟು ಅವಸರ ಮಾಡಬೇಡಿ. ಮಾಸ್ತಿಕಲ್ಲೆಂದರೆ ಒಂದು ಕಂಬ, ಕಂಬದಿಂದ ಹೊರಚಾಚಿದ ಒಂದು ಹೆಣ್ಣಿನ ತೋಳು. ಮೊಣಕೈ ಹತ್ತಿರ ಮಡಿಸಿದೆ, ಅಂಗೈ ನಮ್ಮ ಕಡೆಗೆ ತೆರೆದಿದೆ, ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಮುಂಗೈಯಲ್ಲಿ ಬಳೆಗಳು ಒಂದೂ ಒಡೆದಿಲ್ಲ. ಗಂಡ ಸತ್ತರೂ ಇವಳು ಮುತ್ತೈದೆಯಾಗಿಯೇ ಹೋದಳು ಎಂದು ತೋರಿಸಲು ಶಿಲ್ಪಿ ಆ ಬಳೆಗಳನ್ನು ಒಂದೊಂದಾಗಿ ಕಂಡರಿಸಿದ್ದಾನೆ. ಮೇಲೆ ಸೂರ್ಯ ಚಂದ್ರರು. ಮುಖ ಇಲ್ಲ, ಬಹಳ ಸಲ ಹೆಸರೂ ಇಲ್ಲ. ಪಕ್ಕದ ವೀರಗಲ್ಲಿನಲ್ಲಿ ಗಂಡಸಿಗೆ ಮೂರು ಅಂತಸ್ತು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಸನ್ನಿಧಿ. ಅವನ ಕಥೆ ಪೂರ್ತಿ ಇದೆ. ಅವಳ ಪಾಲಿಗೆ ಒಂದು ತೋಳು. ಇದನ್ನು ಬರೀ ತ್ಯಾಗ ಎಂದು ಹೊಗಳಿ ಮುಂದೆ ಹೋಗುವುದು ನನ್ನಿಂದಾಗದು.

ಲೋಹ, ನಾಣ್ಯ, ತಾಮ್ರಪಟ, ಆಯುಧಗಳ ಕೋಣೆಯನ್ನು ದಾಟಿದರೆ ಉತ್ಖನನದಲ್ಲಿ ಸಿಕ್ಕ ವಸ್ತುಗಳು. ಅರಮನೆಗಳನ್ನು ಅಲಂಕರಿಸಿದ್ದ ಗಾರೆಗೊಂಬೆಗಳು, ಕಬ್ಬಿಣದ ಸಾಮಾನು, ಸುಟ್ಟಮಣ್ಣಿನವು, ಜೊತೆಗೆ ಚೀನಾ ಪಿಂಗಾಣಿಯ ಚೂರುಗಳು. ಅಂಗೈಯಲ್ಲಿ ಹಿಡಿಸುವ ಬಿಳಿ ಚೂರು, ಅದರ ಮೇಲೆ ನೀಲಿ ಬಳ್ಳಿ. 1565ರಲ್ಲಿ ಬೆಂಕಿ ಬಿದ್ದಾಗ ಮರ, ಬಟ್ಟೆ ಎಲ್ಲ ಹೋದವು. ಆಗಲೇ ಒಮ್ಮೆ ಕುಲುಮೆಯಲ್ಲಿ ಬೆಂದಿದ್ದ ಪಿಂಗಾಣಿಗೆ ಆ ಬೆಂಕಿ ಏನೂ ಮಾಡಲಿಲ್ಲ. ಭಟ್ಕಳದಂಥ ಬಂದರಿನಲ್ಲಿ ಇಳಿದು ಘಟ್ಟ ಹತ್ತಿ ಬಂದ ತಟ್ಟೆಯಲ್ಲಿ ಇಲ್ಲಿಯ ಯಾವುದೋ ದಂಡನಾಯಕನ ಮನೆಯವರು ಊಟ ಮಾಡುತ್ತಿದ್ದರು. ನನಗೆ ಕೇಳಿದರೆ, ಚಿನ್ನದ ನಾಣ್ಯಕ್ಕಿಂತ ಈ ಚೂರುಗಳೇ ಆ ಪಟ್ಟಣದ ವ್ಯಾಪಾರವನ್ನು ಚೆನ್ನಾಗಿ ಹೇಳುತ್ತವೆ. ಹಂಪಿಯ ಉತ್ಖನನದಲ್ಲಿ ಕ್ರಿಸ್ತಶಕ ಎರಡು–ಮೂರನೆಯ ಶತಮಾನದ, ಬರಹವಿರುವ ಬೌದ್ಧ ಶಿಲ್ಪಗಳೂ ಸಿಕ್ಕಿವೆ. ಹರಿಹರ ಬುಕ್ಕರಿಗಿಂತ ಸಾವಿರ ವರ್ಷ ಹಿಂದಿನ ಮಾತು. ಹಂಪಿ ಎಂದರೆ 1336ರಿಂದ 1565 ಎಂದು ಉರುಹೊಡೆದವರಿಗೆ ಇದು ಕೊಂಚ ಇರಿಸುಮುರಿಸು ಮಾಡುವ ಸಂಗತಿ.

ಈಗ ಇಲ್ಲಿ ಇಲ್ಲದ್ದರ ಬಗ್ಗೆ. 1513–14ರಲ್ಲಿ ಕೃಷ್ಣದೇವರಾಯ ಒಡಿಶಾದ ಗಜಪತಿ ದೊರೆಯ ಉದಯಗಿರಿ ಕೋಟೆಯನ್ನು ಗೆದ್ದು, ಅಲ್ಲಿದ್ದ ಬಾಲಕೃಷ್ಣನ ವಿಗ್ರಹವನ್ನು ಹಂಪಿಗೆ ತಂದ. ಅದಕ್ಕಾಗಿಯೇ ದೇವಾಲಯ ಕಟ್ಟಿಸಿ 1515ರಲ್ಲಿ ಪ್ರತಿಷ್ಠೆ ಮಾಡಿದ. ಹಂಪಿಯ ಕೃಷ್ಣ ದೇವಾಲಯ ಅದು. ಅದರ ಗೋಪುರದ ಗಾರೆಯಲ್ಲಿ ಕುದುರೆ, ಆನೆ, ಗುರಾಣಿ ಹಿಡಿದ ಸೈನಿಕರು ಇನ್ನೂ ಆ ದಂಡಯಾತ್ರೆ ನಡೆಸುತ್ತಿದ್ದಾರೆ. ರಾಯ ಅಷ್ಟಕ್ಕೇ ಬಿಡಲಿಲ್ಲ, ವಿಗ್ರಹವನ್ನು ನಾಣ್ಯಕ್ಕೂ ಏರಿಸಿದ. ಸುಮಾರು ಮೂರೂವರೆ ಗ್ರಾಂ ತೂಗುವ ಚಿನ್ನದ ವರಾಹ, ಒಂದು ಮಗ್ಗುಲಲ್ಲಿ ಮಂಡಿ ಎತ್ತಿ ಕುಳಿತ ಮಗು, ಕೈಯಲ್ಲಿ ಬೆಣ್ಣೆಮುದ್ದೆ. ಇನ್ನೊಂದು ಮಗ್ಗುಲಲ್ಲಿ ನಾಗರಿ ಅಕ್ಷರದಲ್ಲಿ ರಾಯನ ಹೆಸರು. ಉಗುರಿಗಿಂತ ಅಷ್ಟೇನೂ ದೊಡ್ಡದಲ್ಲದ ಆ ಚಿನ್ನದಲ್ಲಿ ಮಗುವಿನ ಉಬ್ಬಿದ ಹೊಟ್ಟೆಯನ್ನೂ ಮೂಡಿಸಿದ ಟಂಕಶಾಲೆಯವನಿಗೆ ನಮಸ್ಕಾರ ಹೇಳಬೇಕು.

ಇಂದು ಆ ಗರ್ಭಗುಡಿ ಖಾಲಿ. ವಿಗ್ರಹ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಚೆನ್ನೈಗೆ ಯಾಕೆ ಹೋಯಿತು ಎಂದು ಸಿಟ್ಟಾಗುವ ಮೊದಲು ನೆನಪಿಡಿ: 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು. ಕಂಪ್ಲಿಯ ತಕರಾರು ಅರ್ಜಿಯೂ ಅಲ್ಲಿಗೇ, ಹಂಪಿಯ ವಿಗ್ರಹವೂ ಅಲ್ಲಿಗೇ. ಮದರಾಸಿನ ಸಂಗ್ರಹಾಲಯ 1851ರಲ್ಲಿ ಶುರುವಾಯಿತು, ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯನ ಮುತುವರ್ಜಿಯಿಂದ. 1865ರ ಬೆಂಗಳೂರಿನ ಸಂಗ್ರಹಾಲಯದ ಹಿಂದೆಯೂ ಇದೇ ಬಾಲ್ಫರ್ ಇದ್ದ. ಮೈಸೂರಿನ ಕಲ್ಲುಗಳು ಬೆಂಗಳೂರಿಗೆ ಹೋದವು, ನಮ್ಮವು ಮದರಾಸಿಗೆ.

ಬಾಲಕೃಷ್ಣನನ್ನು ವಾಪಸು ತರಬೇಕೆಂಬ ಮಾತು ಆಗಾಗ ಏಳುತ್ತದೆ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಅದೇ ನ್ಯಾಯದಲ್ಲಿ ಈಗಿನ ನೆಲ್ಲೂರು ಜಿಲ್ಲೆಯ ಉದಯಗಿರಿಯವರು ಎದ್ದು ನಿಂತು, ನೀವು ಗೆದ್ದು ಕೊಂಡೊಯ್ದದ್ದನ್ನು ನಮಗೆ ಕೊಡಿ ಎಂದರೆ ನಮ್ಮ ಉತ್ತರವೇನು? ದೇವರ ಮೂರ್ತಿಗಳನ್ನು ಗೆಲುವಿನ ಗುರುತಾಗಿ ಒಯ್ಯುವುದು ನಮ್ಮ ರಾಜರಲ್ಲಿ ಹಳೆಯ ರೂಢಿ. ಕಂಪ್ಲಿಗೂ ಇದರಲ್ಲಿ ಪಾಲಿದೆ. ಹನ್ನೊಂದನೆಯ ಶತಮಾನದ ಚೋಳ ರಾಜಾಧಿರಾಜ ಕಂಪಿಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಕೆಡವಿದ್ದಾಗಿ ತನ್ನ ಶಾಸನಗಳಲ್ಲಿ ಹೇಳಿಸಿಕೊಂಡಿದ್ದಾನೆ. ಅದೇ ಯುದ್ಧಗಳ ಸರಣಿಯಲ್ಲಿ, 1045ರ ಸುಮಾರಿಗೆ, ಕಲ್ಯಾಣವನ್ನು ಸುಟ್ಟು ಅಲ್ಲಿಂದ ಒಬ್ಬ ದ್ವಾರಪಾಲಕನನ್ನು ಹೊತ್ತೊಯ್ದ. ನಮ್ಮ ಬಸವಕಲ್ಯಾಣದಿಂದ. ಕಪ್ಪು ಕಲ್ಲಿನ ಆ ಚಾಲುಕ್ಯ ಶಿಲ್ಪ ಕುಂಭಕೋಣದ ಹತ್ತಿರದ ದಾರಾಸುರಂನಲ್ಲಿ ಬಹುಕಾಲ ಇತ್ತು. ಈಗ ತಂಜಾವೂರಿನ ಕಲಾಸಂಗ್ರಹಾಲಯದಲ್ಲಿದೆ. ಅದರ ಪೀಠದ ಮೇಲೆ ತಮಿಳಿನಲ್ಲಿ, ಕಲ್ಯಾಣಪುರವನ್ನು ಸುಟ್ಟು ರಾಜ ತಂದ ದ್ವಾರಪಾಲಕ ಇದು ಎಂಬ ಅರ್ಥದ ಬರಹ ಕೊರೆಸಿದ್ದಾರೆ.

ಜಂಭಕ್ಕೆ ಬರೆಸಿದ್ದು, ಸಂಶಯವಿಲ್ಲ. ಆದರೂ ನೋಡಿ: ವಸ್ತು ಏನು, ಎಲ್ಲಿಂದ ಬಂತು, ಯಾರು ತಂದರು, ಯಾವ ಸಂದರ್ಭದಲ್ಲಿ. ಮ್ಯೂಸಿಯಂ ಫಲಕದಲ್ಲಿ ಇರಬೇಕಾದದ್ದೆಲ್ಲ ಇದೆ. ಸಾವಿರ ವರ್ಷಗಳ ಬಳಿಕವೂ ಆ ಶಿಲ್ಪದ ವಿಳಾಸ ಕಳೆದುಹೋಗಿಲ್ಲ. ಇವತ್ತಿನ ನಮ್ಮ ಎಷ್ಟೋ ಸಂಗ್ರಹಾಲಯಗಳ ಫಲಕಗಳು ‘ವಿಷ್ಣು, 16ನೇ ಶತಮಾನ’ ಎಂದು ಬರೆದು ಕೈತೊಳೆದುಕೊಳ್ಳುತ್ತವೆ. ಊರೂ ಇಲ್ಲ, ಹೊಲವೂ ಇಲ್ಲ. ಸುಲಿಗೆ ಮಾಡಿದ ಚೋಳ ದೊರೆಯ ಪ್ರಾಮಾಣಿಕತೆಯಾದರೂ ನಮ್ಮ ಫಲಕಗಳಿಗೆ ಬೇಡವೇ?

ಬಾಲಕೃಷ್ಣ ಎಲ್ಲಿರಬೇಕು ಎಂದು ನನ್ನನ್ನು ಕೇಳಿದರೆ, ಗರ್ಭಗುಡಿಯಲ್ಲಲ್ಲ, ಕಮಲಾಪುರದ ಸಂಗ್ರಹಾಲಯದಲ್ಲಿ ಎನ್ನುತ್ತೇನೆ; ಪಕ್ಕದಲ್ಲಿ ಅವನದೇ ವರಾಹ, ಫಲಕದಲ್ಲಿ ಉದಯಗಿರಿಯ ಹೆಸರು ದೊಡ್ಡದಾಗಿ. ಅದು ಆಗುವ ತನಕ ಚೆನ್ನೈಗೆ ಹೋದವರು ಎಗ್ಮೋರಿನಲ್ಲಿ ಇಳಿದು ಅವನನ್ನು ನೋಡಿಬನ್ನಿ. ಜಗಳ ಕಾಯಲು ಅಲ್ಲ, ಪರಿಚಯ ಇಟ್ಟುಕೊಳ್ಳಲು.

ಮದರಾಸಿಗೆ ಹೋದ ಇನ್ನೊಂದು ದೊಡ್ಡ ಗಂಟು ದೇವರದ್ದಲ್ಲ, ಕಲ್ಲುಕೊಡಲಿಗಳದ್ದು. ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿ. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಅವನಿಗೆ ಸಿಕ್ಕ ಕೈಗೊಡಲಿಯಿಂದಲೇ ಭಾರತದ ಹಳೆಯ ಶಿಲಾಯುಗದ ಅಧ್ಯಯನ ಶುರುವಾಯಿತು. ಆಮೇಲೆ ಅವನು ಬಳ್ಳಾರಿ ಜಿಲ್ಲೆಯ ಬಂಡೆ, ಹಳ್ಳ, ಗುಡ್ಡಗಳನ್ನು ಜಾಲಾಡಿದ. ಸಂಡೂರಿನ ಅದಿರಿನ ಬೆಟ್ಟಗಳೂ ಸೇರಿದಂತೆ ಜಿಲ್ಲೆಯ ಭೂವಿಜ್ಞಾನದ ಬಗ್ಗೆ 1895ರಲ್ಲಿ ಗ್ರಂಥ ಬರೆದ. ಸಂಗನಕಲ್ಲು, ಕಪ್ಪಗಲ್ಲು, ಕುಡತಿನಿಯ ಬೂದಿದಿಬ್ಬ ಇವೆಲ್ಲ ಜಗತ್ತಿನ ವಿದ್ವಾಂಸರಿಗೆ ಗೊತ್ತಾದದ್ದರಲ್ಲಿ ಅವನ ಪಾಲು ದೊಡ್ಡದು. ದಶಕಗಟ್ಟಲೆ ಕೂಡಿಹಾಕಿದ ಸಂಗ್ರಹವನ್ನು 1904ರಲ್ಲಿ ಮದರಾಸು ಸಂಗ್ರಹಾಲಯಕ್ಕೆ ಮಾರಿದ. 1912ರಲ್ಲಿ ತೀರಿಕೊಂಡ, ಸಂಗ್ರಹದ ಪಟ್ಟಿಯ ಸಂಪುಟಗಳು 1914 ಮತ್ತು 1916ರಲ್ಲಿ ಹೊರಬಂದವು.

ಆ ಪಟ್ಟಿಯೇ ಅವನ ದೊಡ್ಡ ಕಾಣಿಕೆ. ಕಲ್ಲುಕೊಡಲಿಯಂಥ ಕಲ್ಲು ನಮ್ಮ ಹಳ್ಳಗಳಲ್ಲಿ ಇನ್ನೂ ಸಿಗಬಹುದು. ಆದರೆ ಇಂಥ ಊರಿನ, ಇಂಥ ಗುಡ್ಡದ ಇಂಥ ಮಗ್ಗುಲಲ್ಲಿ ಸಿಕ್ಕಿತು ಎಂದು ಪ್ರತಿಯೊಂದಕ್ಕೂ ಬರೆದಿಟ್ಟದ್ದರಿಂದಲೇ ನೂರು ವರ್ಷ ಬಿಟ್ಟು ಬಂದವರೂ ಅದೇ ಜಾಗಕ್ಕೆ ಹೋಗಿ ಅಗೆಯಬಹುದಾಯಿತು. ಇವತ್ತು ಬಳ್ಳಾರಿಯಲ್ಲಿ ಫೂಟ್ ಹೆಸರಿನಲ್ಲೇ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯವಿದೆ. ಅದನ್ನೂ ನೋಡಿ.

ಜಾಗ ಗೊತ್ತಿದ್ದರೆ ಬಿದ್ದದ್ದನ್ನು ಎತ್ತಲೂಬಹುದು. 2019ರ ಆರಂಭದಲ್ಲಿ ಹಂಪಿಯಲ್ಲಿ ಯುವಕರು ಕಂಬ ಉರುಳಿಸುವ ವಿಡಿಯೋ ಎಲ್ಲರ ಮೊಬೈಲಿನಲ್ಲಿ ಓಡಾಡಿತು. ನ್ಯಾಯಾಲಯ ದಂಡ ಹಾಕಿ, ಕಂಬವನ್ನು ಅವರ ಕೈಯಿಂದಲೇ ಎತ್ತಿಸಿ ನಿಲ್ಲಿಸಿತು. ಯಾವ ಕಂಬ ಯಾವ ಕುಳಿಯಲ್ಲಿತ್ತು ಎಂಬುದು ಗೊತ್ತಿದ್ದರಿಂದ ಅದು ಸಾಧ್ಯವಾಯಿತು. ನಮ್ಮ ಕಂಪ್ಲಿ ತಾಲ್ಲೂಕಿನ ಹೊಲದ ಬದುವಿನಲ್ಲಿ ವಾಲಿರುವ ವೀರಗಲ್ಲು ನಾಳೆ ಜೆಸಿಬಿ ಬಾಯಿಗೆ ಸಿಕ್ಕರೆ ಅದು ಎಲ್ಲಿತ್ತೆಂದು ಹೇಳುವವರು ಯಾರು?

ಇದು ಬರೀ ಆತಂಕದ ಮಾತಲ್ಲ. ನಿಧಿ ಇದೆಯೆಂದು ನಂದಿಯ ಅಡಿ, ಲಿಂಗದ ಪೀಠ ಅಗೆಯುವವರು ಈ ಸೀಮೆಯಲ್ಲಿ ಎಂದಿನಿಂದಲೂ ಇದ್ದಾರೆ. ಅವರಿಗಿಂತ ಹೆಚ್ಚು ಹಾನಿ ಮಾಡುವವರು ಒಳ್ಳೆಯ ಮನಸ್ಸಿನವರು. ಹಳೆಯ ಕಲ್ಲಿಗೆ ಎಣ್ಣೆಬಣ್ಣ ಬಳಿಯುತ್ತಾರೆ, ಶಾಸನದ ಮೇಲೆ ಸಿಮೆಂಟು ಮೆತ್ತಿ ಕಟ್ಟೆ ಕಟ್ಟುತ್ತಾರೆ, ಗುಡಿಯ ಜೀರ್ಣೋದ್ಧಾರವೆಂದು ಹೊಸ ಗ್ರಾನೈಟು ಹಾಸಿ ಹಳೆಯ ಚಪ್ಪಡಿಗಳನ್ನು ಊರ ಹೊರಗೆ ಸುರಿಯುತ್ತಾರೆ. ಭಕ್ತಿಯಲ್ಲಿ ಕೊರತೆಯಿಲ್ಲ. ಆದರೆ ಒಂದು ಫೋಟೊ ತೆಗೆದಿಟ್ಟುಕೊಂಡವರೂ ಇರುವುದಿಲ್ಲ.

ಕಂಪ್ಲಿಗೆ ತನ್ನದೇ ಸಂಗ್ರಹಾಲಯ ಬೇಕೆಂದು ಕೆಲವರು ಹೇಳುತ್ತಾರೆ. ಕಂಪಿಲರಾಯನ ಊರು, 1327ರಲ್ಲಿ ತುಘಲಕನ ಸೈನ್ಯ ಮುಗಿಸಿದ ರಾಜ್ಯದ ಊರು. ಹಕ್ಕು ಖಂಡಿತ ಇದೆ. ನಾನು ಮಾತ್ರ ಅವಸರ ಬೇಡ ಎನ್ನುತ್ತೇನೆ. ಕಟ್ಟಡ ಮೊದಲು ಬಂದರೆ, ಅದನ್ನು ತುಂಬಿಸಲು ಊರೂರಿನ ಕಲ್ಲುಗಳನ್ನು ಟ್ರ್ಯಾಕ್ಟರಿನಲ್ಲಿ ತರುವ ಉತ್ಸಾಹ ಶುರುವಾಗುತ್ತದೆ. ಬೇರು ಕಿತ್ತ ಕಲ್ಲುಗಳ ಗೋದಾಮು ನಮಗೆ ಬೇಡ. ಮೊದಲು ಪಟ್ಟಿ ಆಗಲಿ.

ಈ ಸಭೆಯಲ್ಲಿರುವ ಕಾಲೇಜು ವಿದ್ಯಾರ್ಥಿಗಳಿಗೆ ನನ್ನ ಬೇಡಿಕೆ ಇಷ್ಟೇ. ನಿಮ್ಮ ನಿಮ್ಮ ಊರಿನಲ್ಲಿ ಇರುವ ವೀರಗಲ್ಲು, ಮಾಸ್ತಿಕಲ್ಲು, ಶಾಸನ, ಒಡೆದ ಮೂರ್ತಿ, ಹಳೆಯ ಕಾಲುವೆಯ ತೂಬು ಇವನ್ನು ಹುಡುಕಿ. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆಯಿರಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲು ಇಡಿ, ಫೋನಿನಲ್ಲಿ ಸ್ಥಳದ ಗುರುತು ಆನ್ ಇರಲಿ. ಹೊಲದ ಸರ್ವೆ ನಂಬರು, ಜನ ಆ ಕಲ್ಲನ್ನು ಏನೆಂದು ಕರೆಯುತ್ತಾರೆ, ಪೂಜೆ ಇದೆಯೇ ಎಂಬುದನ್ನು ಬರೆಯಿರಿ. ಕಲ್ಲನ್ನು ಮಾತ್ರ ಅಲುಗಿಸಬೇಡಿ, ತೊಳೆಯಬೇಡಿ, ಅಕ್ಷರದ ಮೇಲೆ ಸುಣ್ಣ ಹಚ್ಚಬೇಡಿ. ಉಳುವಾಗ ಹೊಸದೇನಾದರೂ ಸಿಕ್ಕರೆ ತಹಶೀಲ್ದಾರರಿಗೆ ತಿಳಿಸಿ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ಮುಚ್ಚಿಟ್ಟರೆ ಅಪರಾಧ. ಪಟ್ಟಿಯ ಒಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿರಲಿ, ಒಂದು ಕಮಲಾಪುರಕ್ಕೆ, ಒಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋಗಲಿ. ದತ್ತಿಯ ಬಡ್ಡಿ ಹಣದಲ್ಲಿ ಮುಂದಿನ ವರ್ಷ ನನ್ನಂಥ ಒಬ್ಬನನ್ನು ಕರೆದು ಹಾರ ಹಾಕುವ ಬದಲು, ಆ ಪಟ್ಟಿಯನ್ನು ಅಚ್ಚು ಹಾಕಿಸಿದರೆ ನನಗೆ ಬೇಸರವಿಲ್ಲ. ಸಂಘಟಕರು ನಗುತ್ತಿದ್ದಾರೆ, ನಾನು ನಿಜವಾಗಿಯೇ ಹೇಳುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ದಿನ ಕಮಲಾಪುರಕ್ಕೆ ಹೋಗಿಬನ್ನಿ, ಮನೆಯ ಮಕ್ಕಳನ್ನೂ ಕರೆದುಕೊಂಡು. ಹದಿನೈದು ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ. ಶುಕ್ರವಾರ ರಜೆ.